ನೀರಿನ ಪೈಪಿನ ಟರ್ಬೊ

ಆ ಗುರುವಾರ ಸಂಜೆ ವೆಂಕಟರಾಮಯ್ಯ ಮೇಷ್ಟ್ರ ಮನೆಯ ಕಾರು ಬಂದದ್ದು ಟ್ರ್ಯಾಕ್ಟರಿನ ಹಿಂದೆ, ಹಗ್ಗ ಕಟ್ಟಿಸಿಕೊಂಡು. ಬೀದಿಯವರೆಲ್ಲ ಗೇಟಿಗೆ ಬಂದು ನಿಂತರು. ನೋಡದೆ ಇರುತ್ತಾರೆಯೇ? ಒಂದು ವರ್ಷದಿಂದ ಆ ಬಿಳಿ ಎಸ್ಟೀಮು ಬೀದಿಗೆ ತಿರುಗಿತೆಂದರೆ ಹೆಂಗಸರು ಕಿವಿ ಮುಚ್ಚಿಕೊಳ್ಳುತ್ತಿದ್ದರು, ಮಲಗಿದ್ದ ನಾಯಿ ಎದ್ದು ಓಡುತ್ತಿತ್ತು. ಈಗ ಅದು ತುಟಿ ಪಿಟಕ್ಕೆನ್ನದೆ ಎಳೆಸಿಕೊಂಡು ಬರುತ್ತಿತ್ತು. ಸ್ಟೀರಿಂಗು ಹಿಡಿದು ಕೂತಿದ್ದ ಮಗ ವಸಿಷ್ಠ ಯಾರ ಮುಖವನ್ನೂ ನೋಡಲಿಲ್ಲ.

ವಸಿಷ್ಠ ಹೊಳೆನರಸೀಪುರದ ಒಂದು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಹೇಳುತ್ತಿದ್ದ. ದಿನಾ ಚನ್ನರಾಯಪಟ್ಟಣದಿಂದ ಹೋಗಿ ಬರಲು ಯಾರಾದರೂ ಒಂದು ಬೈಕು ಕೊಳ್ಳುತ್ತಿದ್ದರು, ಇಲ್ಲವೇ ಬಸ್ಸಿನ ಪಾಸು ಮಾಡಿಸುತ್ತಿದ್ದರು. ಇವನು ಹಳೆಯ ಎಸ್ಟೀಮು ಕೊಂಡು, ಅದಕ್ಕೊಂದು ಟರ್ಬೊ ಹಾಕಿಸಿ, ವರ್ಷಕ್ಕೊಮ್ಮೆ ಚಿಕ್ಕಮಗಳೂರಿನ ಕಡೆ ನಡೆಯುವ ಕಾರು ರೇಸಿನಲ್ಲಿ ಓಡಿಸುವ ಕನಸು ಕಟ್ಟಿಕೊಂಡಿದ್ದ. ಈ ಸಲದ್ದು ಡಿಸೆಂಬರಿನಲ್ಲಿತ್ತು. ಈಗ ಎರಡು ಸಾವಿರದ ಆರರ ಅಕ್ಟೋಬರು.

"ಏನಾಯ್ತೋ?" ಎಂದರು ತಾಯಿ ಅಂಬುಜಮ್ಮ.

"ಟರ್ಬೊ ಹೋಯ್ತಮ್ಮ."

"ಹೋದ್ರೆ ಹೋಗ್ಲಿ. ಕೈಕಾಲು ತೊಳ್ಕೊಂಡು ಬಾ, ಅಕ್ಕಿರೊಟ್ಟಿ ಬಿಸಿಯಿದೆ. ಅಷ್ಟಕ್ಕೂ ಅದು ಏನು ಅಂತಾನಾದ್ರೂ ಹೇಳು."

"ಇಂಜಿನ್ನಿಂದ ಹೊರಗೆ ಹೋಗೋ ಹೊಗೆ ಇದೆಯಲ್ಲ, ಅದು ಒಂದು ಚಿಕ್ಕ ಫ್ಯಾನು ತಿರುಗಿಸುತ್ತೆ. ಆ ಫ್ಯಾನು ಇಂಜಿನ್‌ಗೆ ಜಾಸ್ತಿ ಗಾಳಿ ತುಂಬುತ್ತೆ. ಒಲೆಗೆ ಊದುಗೊಳವೆ ಹಿಡಿದ ಹಾಗೆ. ಅದು ಹಿಡ್ಕೊಂಡುಬಿಟ್ಟಿದೆ. ಬರೀ ನೀಲಿ ಹೊಗೆ."

ಸೊಸೆ ಹಂಸ ಹಾಸನದ ಕಚೇರಿಯಿಂದ ಆಗಷ್ಟೇ ಬಸ್ಸಿಳಿದು ಬಂದಿದ್ದಳು. ಚಪ್ಪಲಿ ಬಿಡುತ್ತಾ, "ದೇವರು ದೊಡ್ಡವನು" ಎಂದಳು. ಆ ರಾತ್ರಿ ವಸಿಷ್ಠ ಅವಳೊಡನೆ ಮಾತಾಡಲಿಲ್ಲ.

ಇನ್ನು ಮನೆಯ ಯಜಮಾನರ ವಿಷಯ. ವೆಂಕಟರಾಮಯ್ಯನವರು ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತರಾದವರು. ವ್ಯರ್ಥವಾಗುವುದನ್ನು ಕಂಡರೆ ಅವರಿಗೆ ಆಗದು. ಅವರಿದ್ದ ಮನೆಯಲ್ಲಿ ಜನವಿಲ್ಲದ ಕೋಣೆಯಲ್ಲಿ ದೀಪ ಉರಿದದ್ದಿಲ್ಲ, ಫ್ಯಾನು ತಿರುಗಿದ್ದಿಲ್ಲ. ಕುಕ್ಕರಿನ ಮೂರನೇ ಸೀಟಿಗೆ ಮೊದಲೇ ಗ್ಯಾಸು ಆರಿಸಿ, "ಒಳಗಿರೋ ಬಿಸಿಗೇ ಬೇಯುತ್ತೆ" ಎನ್ನುತ್ತಿದ್ದರು. ಬೇಯುತ್ತಿರಲಿಲ್ಲ. ನಾಲ್ಕು ದಿನಕ್ಕೊಮ್ಮೆ ಆ ಮನೆಯವರು ನುಚ್ಚಾಗದ ಬೇಳೆಯ ಹುಳಿಯನ್ನು ಮಾತಿಲ್ಲದೆ ಉಣ್ಣುತ್ತಿದ್ದರು.

ಇಂಥವರ ಅಂಗಳಕ್ಕೆ ಮಗ ದಿನಾ ಸಂಜೆ ಕಾರು ತಂದು ನಿಲ್ಲಿಸಿ, ಬೀಗದಕೈ ಕಿತ್ತುಕೊಂಡು ಬಚ್ಚಲಿಗೆ ಹೋಗುತ್ತಿದ್ದ. ಕಾರು ಮಾತ್ರ ಒಳಗೆ ನರಪಿಳ್ಳೆಯಿಲ್ಲದೆ ಗುಡುಗುಡು ಎನ್ನುತ್ತಲೇ ಇರುತ್ತಿತ್ತು. ಅದಕ್ಕೊಂದು ಟೈಮರು ಹಾಕಿಸಿದ್ದ. ಎರಡು ನಿಮಿಷ ಓಡಿ ತಾನಾಗಿ ನಿಲ್ಲುತ್ತದೆ, ಮುಟ್ಟಬೇಡಿ ಎಂದು ಮೊದಲ ದಿನವೇ ಅಪ್ಪನಿಗೆ ಹೇಳಿದ್ದ. ತಾನಾಗಿ ನಿಲ್ಲುವುದಾದರೆ ಈಗಲೇ ನಿಲ್ಲಲು ಏನು ಕೇಡು ಎಂದು ಮೇಷ್ಟ್ರಿಗೆ ಅನ್ನಿಸಿತು. ಸ್ಟೀರಿಂಗಿನ ಕೆಳಗೆ ಒಂದು ಕೆಂಪು ಬಟನ್ನಿತ್ತು. ದಿನಾ ಸಂಜೆ ಅವರು ಹೂ ಬಿಡಿಸುವ ನೆಪದಲ್ಲಿ ಹೊರಗೆ ಬಂದು, ಬಾಗಿಲು ತೆರೆದು, ಅದನ್ನೊತ್ತಿ, ಒಂದು ಪುಣ್ಯದ ಕೆಲಸ ಮಾಡಿದ ಸಮಾಧಾನದಿಂದ ಒಳಗೆ ಹೋಗುತ್ತಿದ್ದರು. ಬಚ್ಚಲಿನಲ್ಲಿದ್ದ ಮಗನಿಗೆ ಇದರ ಸುಳಿವೇ ಇರಲಿಲ್ಲ. ಅವನು ಹೊರಬರುವ ಹೊತ್ತಿಗೆ ಕಾರು ನಿಂತಿರುತ್ತಿತ್ತು, ನಿಲ್ಲಬೇಕಾದದ್ದೂ ಹೌದು.

ಭಾನುವಾರ ಭೀಮ ಬಂದ. ಟರ್ಬೊ ಹಾಕಿದವನೂ ಟೈಮರು ಹಾಕಿದವನೂ ಇವನೇ. ಹರದನಹಳ್ಳಿಯ ಮಂಚಯ್ಯನ ಮಗ, ವಸಿಷ್ಠನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು. ಮೈಸೂರಿನ ಒಂದು ರೇಸ್ ಕಾರಿನ ಗ್ಯಾರೇಜಿನಲ್ಲಿ ಆರು ವರ್ಷ ದುಡಿದು, ಈಗ ಹಾಸನ ರಸ್ತೆಯಲ್ಲಿ ಸ್ವಂತ ಶೆಡ್ಡು ಹಾಕಿಕೊಂಡಿದ್ದ. ಅಂಗಳದಲ್ಲೇ ಗೋಣಿತಾಟು ಹಾಸಿ ಟರ್ಬೊ ಬಿಚ್ಚಿದ. ನಡುವಿನ ಬೇರಿಂಗು ಕಪ್ಪು ಇದ್ದಿಲಾಗಿತ್ತು.

"ಎಣ್ಣೆ ಸುಟ್ಟದೆ" ಎಂದ.

"ಯಾಕೆ ಸುಡ್ತು?" ಎಂದ ವಸಿಷ್ಠ.

ಭೀಮ ತಲೆಯೆತ್ತಿ ಜಗಲಿಯ ಮೇಲೆ ಪೇಪರು ಓದುತ್ತಿದ್ದ ಮೇಷ್ಟ್ರ ಕಡೆಗೊಮ್ಮೆ ನೋಡಿದ. ಮತ್ತೆ ಬೇರಿಂಗನ್ನೇ ಒರೆಸತೊಡಗಿದ. "ಬಿಸಿಗೆ" ಎಂದಷ್ಟೇ ಹೇಳಿದ.

"ಎಣ್ಣೆ ಪೈಪು ನೀನು ಸರಿಯಾಗಿ ಕೂರಿಸಿದ್ರೆ ಯಾಕೆ ಸುಡುತ್ತೆ?"

"ಪೈಪು ಸರಿಯಾಗೇ ಅದೆ ಕಣ್ಲಾ."

"ಹಾಗಾದ್ರೆ ಕಾರಣ ಹೇಳು."

"ಆದದ್ದಾಯ್ತು ಬುಡು. ಮುಂದ್ಕೆ ಯಾವ್ದು ಆಕಣ ಅಂತ ನೋಡು."

ಅಲ್ಲಿಂದ ಸುರುವಾಯಿತು. ವಸಿಷ್ಠ ಆಗಲೇ ಕೊಯಮತ್ತೂರಿನ ಒಬ್ಬ ವ್ಯಾಪಾರಿಗೆ ಫೋನು ಮಾಡಿ ದೊಡ್ಡದೊಂದನ್ನು ಗೊತ್ತು ಮಾಡಿಟ್ಟಿದ್ದ. ಹಳೆಯದಕ್ಕಿಂತ ಒಂದೂವರೆ ಪಾಲು ದೊಡ್ಡದು, ಹಾಕಿದರೆ ಕಾರು ಹಾರುತ್ತದೆ ಎಂದ. ಭೀಮ ಬೇಡವೆಂದು ತಲೆಯಾಡಿಸಿದ. ದೊಡ್ಡದು ಗಾಳಿ ತುಂಬೋಕೆ ಹೊತ್ತು ತಗೊಳ್ಳುತ್ತದೆ, ಘಾಟಿಯ ತಿರುವಿನಲ್ಲಿ ಅದು ಏಳುವುದರೊಳಗೆ ಪಕ್ಕದವನು ಮುಂದೆ ಹೋಗಿರುತ್ತಾನೆ. ಚಿಕ್ಕದೇ ಇರಲಿ, ಆದರೆ ಎಣ್ಣೆಯ ಪೈಪಿನ ಜೊತೆ ನೀರಿನ ಪೈಪೂ ಇರುವಂಥದ್ದು ಹಾಕೋಣ ಎಂದ.

"ನೀರಿನ ಪೈಪು ಯಾತಕ್ಕೆ? ನನ್ನ ಹತ್ರ ಟೈಮರಿದೆ. ಎರಡು ನಿಮಿಷ ತಣ್ಣಗಾಗೇ ನಿಲ್ಲುತ್ತೆ."

"ಇರ್ಲಿ ಕಣ್ಲಾ. ನೀರಿಂದೇ ಆಕು."

"ನೀನು ಕೆಲಸ ಕೆಡಿಸಿ, ಅದನ್ನ ಮುಚ್ಚೋಕೆ ಇಲ್ಲದ್ದೆಲ್ಲ ಹೇಳ್ತಿದೀಯ."

ಭೀಮ ಸ್ಪ್ಯಾನರುಗಳನ್ನು ಒಂದೊಂದಾಗಿ ಒರೆಸಿ ಚೀಲಕ್ಕೆ ಹಾಕಿಕೊಂಡ. "ಅಂಗನ್ನಂಗಿದ್ರೆ ಅನ್ನು" ಎಂದು ಹೇಳಿ, ಮೇಷ್ಟ್ರಿಗೆ ಎಂದಿನಂತೆ ಕೈಮುಗಿದು ಹೊರಟುಹೋದ.

ರಾತ್ರಿ ಊಟಕ್ಕೆ ಕೂತಾಗ ಮೇಷ್ಟ್ರು ತೀರ್ಪು ಕೊಟ್ಟರು. "ಕ್ಲಾಸಿನಲ್ಲೂ ಅವನು ಹಾಗೇ. ಉತ್ತರ ಬರೀತಿದ್ದ, ಹೇಗೆ ಬಂತು ಅನ್ನೋದು ಬರೀತಿರಲಿಲ್ಲ. ಅರ್ಧ ಮಾರ್ಕ್ಸು ಅಲ್ಲೇ ಹೋಗ್ತಿತ್ತು."

"ಉತ್ತರ ಸರಿ ಇರ್ತಿತ್ತಾ ಮಾವ?" ಎಂದಳು ಹಂಸ.

"ಸರಿ ಏನೋ ಇರ್ತಿತ್ತು" ಎಂದು ಮೇಷ್ಟ್ರು ಮಜ್ಜಿಗೆಗೆ ಕೈಯೊಡ್ಡಿದರು.

ಮುಂದಿನ ಎರಡು ವಾರ ಮನೆಯ ಗಡಿಯಾರವೇ ತಪ್ಪಿತು. ವಸಿಷ್ಠ ಆರೂವರೆಯ ಬಸ್ಸು ಹಿಡಿಯಬೇಕಾಗಿ, ಅಂಬುಜಮ್ಮ ಐದಕ್ಕೇ ಎದ್ದು ಉಪ್ಪಿಟ್ಟು ಕೆದಕುತ್ತಿದ್ದರು. ಸಂಜೆ ಅವನು ಬಸ್ಸಿನಲ್ಲಿ ನಿಂತು ನಿಂತು ಬಂದು ಸಿಡಿಮಿಡಿಗುಟ್ಟುತ್ತಿದ್ದ. ಹಂಸನಿಗೂ ಅವನಿಗೂ ಬಟ್ಟೆ ಒಗೆಯುವ ಕಲ್ಲಿನ ಹತ್ತಿರವೇ ಜಗಳ ಹತ್ತುತ್ತಿತ್ತು.

"ಆ ಟರ್ಬೊ ತೆಗೆಸಿ ಹಾಕ್ರೀ. ಎಲ್ಲರ ಕಾರಿನ ಹಾಗೆ ಇದೂ ಓಡ್ಲಿ. ವಾಷಿಂಗ್ ಮೆಷಿನ್ ತಗೊಳ್ಳೋಣ ಅಂತ ಹೋದ ದೀಪಾವಳಿಗೆ ಹೇಳಿದ್ರಿ, ನಾನಿನ್ನೂ ಕುಕ್ಕಿ ಕುಕ್ಕಿ ಒಗೀತಿದೀನಿ."

"ಒಂದು ಸಲ ಆ ರೇಸು ಓಡಿಸ್ಬಿಡ್ತೀನಿ ಹಂಸ. ಆಮೇಲೆ ಏನು ಬೇಕಾದ್ರೂ ತಗೋ."

"ಹೋದ ವರ್ಷವೂ ಇದನ್ನೇ ಅಂದಿದ್ರಿ."

ಇದೆಲ್ಲ ಮನೆಯೊಳಗಿನ ಮಾತು, ಹೇಗೋ ಸರಿಹೋಗುತ್ತಿತ್ತು. ಸರಿಹೋಗದ ಮಾತು ಹೊರಗೆ ಹೋಗಿತ್ತು. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ, ಕಾಲೇಜಿನ ಸ್ಟಾಫ್ ರೂಮಿನಲ್ಲಿ, ಕೇಳಿದವರಿಗೆಲ್ಲ ವಸಿಷ್ಠ ಭೀಮನ ಕೆಲಸ ನೆಟ್ಟಗಿಲ್ಲ ಎಂದು ಹೇಳಿಕೊಂಡು ಬಂದ. ಮಾತಿಗೆ ಕಾಲು ಬಂತು. ಅರಕಲಗೂಡಿನ ಕಂಟ್ರಾಕ್ಟರ್ ರಾಮಣ್ಣ ತನ್ನ ಜೀಪನ್ನು ಅರ್ಧ ಕೆಲಸದಲ್ಲೇ ಶೆಡ್ಡಿನಿಂದ ಬಿಡಿಸಿಕೊಂಡು ಹೋದ. ಶ್ರವಣಬೆಳಗೊಳದ ಲಾಡ್ಜಿನ ಚಲುವಯ್ಯ ಯಾತ್ರಿಕರ ವ್ಯಾನನ್ನು ಬೇರೆ ಕಡೆ ಕಳಿಸಿದ. ಕಾರು ಕೆಟ್ಟಿದ್ದರೆ ರಿಪೇರಿಯಾಗುತ್ತದೆ, ಮೆಕ್ಯಾನಿಕ್ಕಿನ ಹೆಸರು ಕೆಟ್ಟರೆ ಅವನ ಶೆಡ್ಡಿಗೆ ಬೀಗವೇ. ಇದು ಮೇಷ್ಟ್ರ ಕಿವಿಗೂ ಬಿತ್ತು. ಅಯ್ಯೋ ಪಾಪ, ಸ್ವಲ್ಪ ಗಮನವಿಟ್ಟು ಮಾಡಬಾರದಿತ್ತೆ ಅಂದುಕೊಂಡರು.

ಮೂರನೇ ವಾರ ಪಿಂಚಣಿಯ ಕೆಲಸವಿತ್ತೆಂದು ಮೇಷ್ಟ್ರು ಮಗನ ಜೊತೆ ಹಾಸನಕ್ಕೆ ಹೋದರು. ವಸಿಷ್ಠ ಹಳೆಯ ಟರ್ಬೊವನ್ನು ಚೀಲದಲ್ಲಿ ಕಟ್ಟಿಕೊಂಡಿದ್ದ. ಅಲ್ಲಿ ದ್ಯಾವಯ್ಯ ಎಂಬ ಹಿರಿಯ ಮೆಕ್ಯಾನಿಕ್ಕು, ಲಾರಿಗಳ ಟರ್ಬೊ ಬಿಚ್ಚಿ ಬಿಚ್ಚಿ ಪಳಗಿದವನು, ಅದನ್ನು ಅಂಗೈಯಲ್ಲಿ ತಿರುಗಿಸಿ ನೋಡಿ ಒಂದೇ ಪ್ರಶ್ನೆ ಕೇಳಿದ.

"ಜೋರಾಗಿ ಓಡ್ಸ್‌ಕಂಡು ಬಂದು, ನಿಂತ ತಕ್ಷಣ ಆಫ್ ಮಾಡ್ತಿದ್ರಾ ಸಾ?"

"ಇಲ್ಲ. ಟೈಮರಿದೆ. ಎರಡು ನಿಮಿಷ ಓಡುತ್ತೆ."

"ಓಡಿಲ್ಲ ಬುಡಿ. ನೋಡಿ ಇಲ್ಲಿ. ಇದು ಕೆಂಡದಂಗೆ ಕಾದಿರ್ತದೆ, ಇಂಜಿನ್ ನಿಂತ್ರೆ ಎಣ್ಣೆ ಬರೋದೂ ನಿಂತೋಯ್ತದೆ. ಇದ್ದ ಎಣ್ಣೆ ಒಳಗೇ ಸೀದೋಯ್ತದೆ. ಒಂದಿನ ಎರಡಿನದ್ದಲ್ಲ, ವರ್ಸಗಟ್ಲೆ ಆಗಿರದು. ಟೈಮರು ಆಕಿದ್ಯಾರು?"

"ಚನ್ನರಾಯಪಟ್ಟಣದ ಭೀಮ."

"ಅಂಗಾದ್ರೆ ಅವನ ಟೈಮರು ದಂಡ."

ಮೇಷ್ಟ್ರು ಪಕ್ಕದ ಸ್ಟೂಲಿನ ಮೇಲೆ ಕೂತಿದ್ದರು. ಲೆಕ್ಕ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ವರ್ಷಕ್ಕೆ ಇನ್ನೂರಕ್ಕೂ ಹೆಚ್ಚು ಸಂಜೆ, ಪ್ರತಿ ಸಂಜೆಗೂ ಒಂದು ಬಟನ್ನು. ಬಾಯಿ ತೆರೆದರು, "ಬಾಯಾರಿಕೆ ಆಗ್ತಿದೆ" ಎಂದರು. ಆಮೇಲೆ ಹೋಟೆಲಿನಲ್ಲಿ ಮಗ ಕೊಡಿಸಿದ ಮಸಾಲೆ ದೋಸೆಯನ್ನು ಅರ್ಧಕ್ಕೇ ಬಿಟ್ಟರು. ತಟ್ಟೆಯಲ್ಲಿ ಬಿಡುವುದು ಅವರ ಜಾಯಮಾನವೇ ಅಲ್ಲ.

"ಇನ್ನು ಅವನ ಮುಖ ನೋಡಲ್ಲ ನಾನು" ಎಂದ ವಸಿಷ್ಠ, ಬಸ್ಸಿನಲ್ಲಿ. "ಶುಕ್ರವಾರ ದೊಡ್ಡದಕ್ಕೇ ಅಡ್ವಾನ್ಸ್ ಕಳಿಸಿಬಿಡ್ತೀನಿ. ದ್ಯಾವಯ್ಯ ಹಾಕಿಕೊಡ್ತಾರೆ."

ಮೇಷ್ಟ್ರು ಕಿಟಕಿಯಾಚೆ ನೋಡುತ್ತಾ ಹ್ಞೂಂ ಎಂದರು.

ಎರಡು ದಿನ ಹ್ಞೂಂ ಎನ್ನುವುದರಲ್ಲೇ ಕಳೆಯಿತು. ಮೂರನೇ ದಿನ ಮಧ್ಯಾಹ್ನ, ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋಗಿದ್ದಾಗ, ಅಂಬುಜಮ್ಮ ಹುರುಳಿಕಾಯಿ ನಾರು ತೆಗೆಯುತ್ತಾ ಕೂತವರು ಮಾತು ತೆಗೆದರು.

"ಬೆಳಗ್ಗೆಯಿಂದ ರೂಮಿನಲ್ಲಿ ಫ್ಯಾನು ತಿರುಗ್ತಿದೆ. ನೀವು ಇಲ್ಲಿ ಕೂತಿದ್ದೀರಿ. ಮೈಗೆ ಹುಷಾರಿಲ್ವೇ?"

"ಅಂಬುಜಾ, ಆ ಟರ್ಬೊ ಕೆಡಿಸಿದ್ದು ನಾನು ಕಣೇ."

ಅಂಬುಜಮ್ಮ ಕೈಯಲ್ಲಿದ್ದ ಕಾಯಿ ಮುರಿದು ತಟ್ಟೆಗೆ ಹಾಕಿದರು. ಗಂಡ ಎಲ್ಲವನ್ನೂ ಹೇಳಿ ಮುಗಿಸುವವರೆಗೆ ನಾರು ತೆಗೆಯುತ್ತಲೇ ಇದ್ದರು.

"ನೀವು ದಿನಾ ಬಟನ್ನು ಒತ್ತೋದನ್ನ ನಾನು ಅಡುಗೆಮನೆ ಕಿಟಕೀಲಿ ನೋಡ್ತಿದ್ದೆ. ಅವನೇ ನಿಮಗೆ ಹೇಳಿದಾನೆ ಅಂದ್ಕೊಂಡಿದ್ದೆ. ಈಗ ಹೇಳಿಬಿಡಿ ಅವನಿಗೆ."

"ಹೇಗೆ ಹೇಳ್ಲಿ? ಮೊದಲ ದಿನವೇ ಅವನು ಹೇಳಿದ್ದ. ನನಗೇ ಬುದ್ಧಿ ಹೇಳ್ತಾನಲ್ಲ ಅಂತ ಕೇಳಲಿಲ್ಲ. ಈಗ ಊರೆಲ್ಲ ನಗುತ್ತೆ. ಮೇಷ್ಟ್ರು ಮಗನ ಕಾರಿಗೇ ಕೊಳ್ಳಿ ಇಟ್ರು ಅಂತಾರೆ."

"ನಕ್ಕರೆ ನಿಮ್ಮದೇನು ಸವೆಯುತ್ತೆ? ಪಿಂಚಣಿ ನಿಲ್ಲಿಸ್ತಾರಾ? ಆ ಹುಡುಗನ ಅನ್ನಕ್ಕೆ ಮಣ್ಣು ಬೀಳ್ತಿದೆಯಲ್ಲ, ಅದನ್ನ ನೋಡಿ. ಅವನಿಗೂ ಸಂಸಾರ ಇದೆ."

ಮೇಷ್ಟ್ರು ಎದ್ದು ಅಂಗಿ ಹಾಕಿಕೊಂಡರು. ಬಿಸಿಲು ಜೋರಾಗಿತ್ತು. ಕೊಡೆ ತಗೊಳ್ಳಿ ಎಂದು ಹೆಂಡತಿ ಕೂಗಿದ್ದೂ ಕೇಳಲಿಲ್ಲ.

ಭೀಮನ ಶೆಡ್ಡಿನಲ್ಲಿ ಒಂದು ಟಿಲ್ಲರು ಬಿಟ್ಟರೆ ಬೇರೆ ಗಾಡಿಯಿರಲಿಲ್ಲ. ಮೊದಲಾದರೆ ಕಾಲಿಡಲು ಜಾಗವಿರುತ್ತಿರಲಿಲ್ಲ. ಭೀಮ ಎದ್ದು ಟೈರಿನ ಮೇಲೆ ಪೇಪರು ಹಾಸಿದ. ಮೇಷ್ಟ್ರು ಕೂರದೆ ನಿಂತೇ ಹೇಳಿದರು.

"ಭೀಮ, ನಿನ್ನ ಟೈಮರು ಸರಿ ಇತ್ತು. ಪೈಪೂ ಸರಿ ಇತ್ತು. ನಾನು ದಿನಾ ಆ ಕೆಂಪು ಬಟನ್ನು ಒತ್ತಿ ಇಂಜಿನ್ ಆರಿಸ್ತಿದ್ದೆ."

"ನಂಗೊತ್ತು ಸಾ."

ಮೇಷ್ಟ್ರು ಕೂತರು.

"ಆ ಬಟನ್ನು ಯಾತಕ್ಕೆ ಅಂತ ನೀವೇ ಒಂದಿನ ಕೇಳಿದ್ರಿ. ಏನಾರ ಅಪಾಯ ಆದ್ರೆ ಒತ್ತಕೆ ಅಂತ ತೋರ್ಸಿದ್ದೆ. ಆ ಭಾನ್ವಾರ ಬೇರಿಂಗು ನೋಡ್ತಿದ್ದಂಗೇ ಒಳೀತು. ಬಟನ್ನು ನೋಡಿದ್ರೆ ಮೇಲಿನ ಬಣ್ಣ ಎಲ್ಲ ಸವೆದೋಗಿತ್ತು."

"ಮತ್ತೆ ಯಾಕಪ್ಪ ಹೇಳ್ಲಿಲ್ಲ? ಅವನು ನಿನ್ನ ಅಷ್ಟು ಮಾತು ಅಂದ."

ಮೇಷ್ಟ್ರಿಗೆ ಒಳಗೊಳಗೇ ಒಂದು ಉತ್ತರ ಸಿದ್ಧವಿತ್ತು. ಗುರುಭಕ್ತಿ ಎಂದು ಹೇಳುತ್ತಾನೆ ಅಂದುಕೊಂಡಿದ್ದರು. ಭೀಮ ಅದನ್ನು ಹೇಳಲಿಲ್ಲ.

"ನೀವು ನಮ್ ಮೇಷ್ಟ್ರು ಅಂತಲ್ಲ ಸಾ. ನೀವು ನನ್ನ ಎಲ್ಡು ಸಲ ಫೇಲ್ ಮಾಡಿದೀರಿ, ನೆನಪದೆ ನಂಗೆ. ವಸಿ ನನ್ ಮೇಲೆ ರೇಗಾಡ್ಕಂಡ್ರೆ ಒಂದ್ ತಿಂಗ್ಳು ಮಾತು ಬುಡ್ತಾನೆ, ಆಮ್ಯಾಕೆ ಬತ್ತಾನೆ. ಅಪ್ಪನ ಮೇಲೆ ರೇಗಾಡ್ಕಂಡ್ರೆ ಅದು ಮನೇಲೇ ಉಳ್ಕತದೆ. ಒಂದೇ ಮನೇಲಿ ಉಣ್ಣೋರು ನೀವು. ನಾನು ಯಾಕೆ ಅದ್ನ ಒಳೀಕ್ ತಂದಿಡ್ಲಿ."

ಮೇಷ್ಟ್ರು ಖಾಲಿ ಶೆಡ್ಡನ್ನೊಮ್ಮೆ ನೋಡಿದರು. "ಆ ನೀರಿನ ಪೈಪಿನ ಟರ್ಬೊ ಅಂದೆಯಲ್ಲ" ಎಂದರು.

"ಅದ್ರಲ್ಲಿ ಇಂಜಿನ್ ನಿಂತ್ರೂ ನೀರು ಸ್ವಲ್ಪೊತ್ತು ತಾನೇ ಅರೀತಾ ಬಿಸಿ ಎಳ್ಕತದೆ. ನೀವು ಬಟನ್ನು ಒತ್ತೋದು ಬುಡಾಕಿಲ್ಲ ಅಂತ ಗೊತ್ತಿತ್ತು. ಒತ್ತಿದ್ರೂ ತಡ್ಕಳ್ಳಂತದ್ದೇ ಇರ್ಲಿ ಅಂತ ಏಳ್ದೆ. ದೊಡ್ಡದು ಆಕಿದ್ರೆ ಅದೂ ಇಂಗೇ ಓಯ್ತದೆ, ಅವನಿಗೆ ಎಲ್ಡನೇ ಸಲ ನಷ್ಟ."

ಮೂವತ್ತೆರಡು ವರ್ಷ ಎಷ್ಟೋ ಮಕ್ಕಳ ಉತ್ತರಪತ್ರಿಕೆ ತಿದ್ದಿದ ಮೇಷ್ಟ್ರಿಗೆ, ತಮ್ಮ ತಪ್ಪನ್ನು ಒಬ್ಬ ಹುಡುಗ ಮೊದಲೇ ತಿದ್ದಿ, ತಾನೇ ಮಾರ್ಕ್ಸು ಕಳೆದುಕೊಂಡು ಕೂತದ್ದು ಕಣ್ಣಿಗೆ ಕಂಡಿತು. ಕಣ್ಣು ತುಂಬಿತು. ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿಕೊಂಡರು.

"ಏನೂ ಏಳ್ಬ್ಯಾಡಿ ಸಾ ಅವನಿಗೆ" ಎಂದ ಭೀಮ. "ಚಿಕ್ಕದೇ ತಗೋ ಅಂತ ಒಂದ್ಮಾತು ಅಂದ್ಬುಡಿ. ಸಾಕು."

ದಾರಿಯುದ್ದಕ್ಕೂ ಮೇಷ್ಟ್ರಿಗೆ ಆ ಮಾತು ಆಸೆ ತೋರಿಸುತ್ತಲೇ ಇತ್ತು. ಹೇಳದೆಯೂ ಬಚಾವಾಗಬಹುದಿತ್ತು, ಭೀಮನೇ ಅಪ್ಪಣೆ ಕೊಟ್ಟಿದ್ದ. ಆದರೆ ಅರಕಲಗೂಡಿನ ಜೀಪು, ಬೆಳಗೊಳದ ವ್ಯಾನು ಅದರಿಂದ ವಾಪಸು ಬರುತ್ತಿರಲಿಲ್ಲ. ರಾತ್ರಿ ಊಟಕ್ಕೆ ನಾಲ್ವರೂ ಕೂತಾಗ, ಸಾರು ಕಲಸುವ ಮೊದಲೇ ಎಲ್ಲವನ್ನೂ ಹೇಳಿಬಿಟ್ಟರು. ಬಟನ್ನು, ದ್ಯಾವಯ್ಯನ ಮಾತು, ತಾವು ಬಾಯಿ ಮುಚ್ಚಿಕೊಂಡಿದ್ದದ್ದು, ಭೀಮನಿಗೆ ಗೊತ್ತಿದ್ದದ್ದು, ಅವನು ಚಿಕ್ಕದನ್ನೇ ಯಾಕೆ ಹೇಳಿದ ಎನ್ನುವುದು.

ವಸಿಷ್ಠನ ಕೈ ಅನ್ನದಲ್ಲೇ ನಿಂತಿತು.

"ದಿನಾನಾ ಅಪ್ಪ?"

"ಭಾನುವಾರ ನೀನು ಹೊರಗೆ ಹೋಗ್ತಿರಲಿಲ್ಲವಲ್ಲ. ಅದು ಬಿಟ್ಟು."

ಹಂಸ ತಡೆಯಲಾಗದೆ ನಕ್ಕುಬಿಟ್ಟಳು. ನಕ್ಕದ್ದಕ್ಕೆ ನಾಚಿ ಸೆರಗು ಬಾಯಿಗೆ ಹಿಡಿದಳು. ವಸಿಷ್ಠ ತಟ್ಟೆ ಬಿಟ್ಟು ಎದ್ದು ಹಿತ್ತಲಿಗೆ ಹೋದ. ನಲ್ಲಿ ತಿರುಗಿಸಿದ ಸದ್ದು ಬಹಳ ಹೊತ್ತು ಕೇಳಿಸಿತು. ನೀರು ಪೋಲಾಗುತ್ತಿತ್ತು, ಮೇಷ್ಟ್ರು ಜಾಗ ಬಿಟ್ಟು ಅಲ್ಲಾಡಲಿಲ್ಲ. ಅವನು ವಾಪಸು ಬಂದಾಗ ಮುಖ ಒದ್ದೆಯಿತ್ತು.

"ನಿಮ್ಮ ಮೇಲೆ ಎಷ್ಟು ಕೋಪ ಬರ್ತಿದೆ ಗೊತ್ತಾ?" ಎಂದ.

"ಬರಬೇಕಾದ್ದೇ" ಎಂದರು ಮೇಷ್ಟ್ರು.

"ಆದ್ರೆ ನಾನು ಅವನಿಗೆ ಅಂದದ್ದು ನೆನೆಸ್ಕೊಂಡ್ರೆ, ನಿಮಗೆ ಏನು ಅಂತ ಅನ್ಲಿ? ನೀವು ಬಟನ್ನು ಒತ್ತಿದ್ರಿ. ನಾನು ಊರೆಲ್ಲ ಡಂಗುರ ಹೊಡೆದೆ. ಯಾವ ಮುಖ ಇಟ್ಕೊಂಡು ಅವನ ಹತ್ರ ಹೋಗ್ಲಿ?"

"ಮುಖ ನಂದೂ ಅಷ್ಟೇ ಇದೆ. ಇಬ್ಬರೂ ಹೋಗೋಣ. ಮೊದಲು ಊಟ ಮಾಡು."

ಅಂಬುಜಮ್ಮ ಆರಿದ ಅನ್ನ ತೆಗೆದು ಬಿಸಿಯದು ಬಡಿಸಿದರು.

ಮಾರನೆಯ ಬೆಳಗ್ಗೆ ಮೇಷ್ಟ್ರು ಸ್ನಾನ ಸಂಧ್ಯೆ ಮುಗಿಸಿದವರೇ ಫೋನಿನ ಮುಂದೆ ಕೂತರು. ಅರಕಲಗೂಡಿನ ರಾಮಣ್ಣನಿಗೆ, ಬೆಳಗೊಳದ ಚಲುವಯ್ಯನಿಗೆ, ಕ್ಲಾಸಿನಲ್ಲಿ ಪಾಠ ಹೇಳುವ ಗಂಟಲಿನಲ್ಲೇ ಹೇಳಿದರು: ಕಾರು ಕೆಡಿಸಿದ್ದು ನಾನು, ಭೀಮನ ಕೆಲಸದಲ್ಲಿ ಎಳ್ಳಷ್ಟೂ ಲೋಪವಿಲ್ಲ. ಆ ಕಡೆ ರಾಮಣ್ಣ ನಕ್ಕದ್ದು ಪಕ್ಕದಲ್ಲಿದ್ದ ಹಂಸನಿಗೂ ಕೇಳಿಸಿತು. "ನಗಪ್ಪ, ಚೆನ್ನಾಗಿ ನಗು, ಆದರೆ ಜೀಪು ಅವನ ಹತ್ತಿರಕ್ಕೇ ಕಳಿಸು" ಎಂದರು ಮೇಷ್ಟ್ರು. ಸಂಜೆಯೊಳಗೆ ಬಸ್‌ಸ್ಟ್ಯಾಂಡಿನ ಹೋಟೆಲೂ ನಕ್ಕಿತು.

ಶನಿವಾರ ಅಪ್ಪ ಮಗ ಇಬ್ಬರೂ ಶೆಡ್ಡಿಗೆ ಹೋದರು. ವಸಿಷ್ಠ ದಾರಿಯಲ್ಲಿ ಕಟ್ಟಿಕೊಂಡ ಮಾತೆಲ್ಲ ಬಾಗಿಲಲ್ಲೇ ಮರೆತುಹೋಯಿತು. "ಚಿಕ್ಕದೇ ಹಾಕೋಣ ಕಣೋ" ಎಂದಷ್ಟೇ ಹೇಳಿದ. "ಎಲ್ಲಿ ಸಿಗುತ್ತೆ? ಎಷ್ಟು ದಿನ ಬೇಕು?"

ಭೀಮ ಬೀರುವಿನ ಬಾಗಿಲು ತೆಗೆದು ನ್ಯೂಸ್‌ಪೇಪರಿನಲ್ಲಿ ಸುತ್ತಿದ್ದ ಒಂದು ಗಂಟನ್ನು ಮೇಜಿನ ಮೇಲಿಟ್ಟು ಬಿಚ್ಚಿದ. ಚಿಕ್ಕ ಟರ್ಬೊ. ಪಕ್ಕದಲ್ಲಿ ಎರಡು ನೀರಿನ ಪೈಪು, ಆಗಲೇ ಅಳತೆಗೆ ಕತ್ತರಿಸಿ ಇಟ್ಟದ್ದು.

"ಯಾವಾಗ ತಂದೆ?"

"ಆ ಭಾನ್ವಾರ ಬಿಚ್ಚಿದ್ನಲ್ಲ, ಅದ್ರ ಮಾರ್ನೆ ದಿನ. ಬೆಂಗ್ಳೂರಲ್ಲಿ ಒಂದೇ ಒಂದು ಇತ್ತು. ಬುಟ್ರೆ ಬೇರೇರು ತಗಂಡೋಗೋರು."

"ನಾನು ಬೈದು ಕಳಿಸಿದ ಮಾರನೇ ದಿನವಾ?"

"ಬೈದಿದ್ದು ಬ್ಯಾರೆ, ಗಾಡಿ ಬ್ಯಾರೆ ಕಣ್ಲಾ. ರೇಸಿಗೆ ಓಗ್ಬೇಕಾ ಬ್ಯಾಡ್ವಾ ನೀನು?"

ವಸಿಷ್ಠ ಆ ಟರ್ಬೊ ಕೈಗೆತ್ತಿಕೊಂಡು, ಬೆನ್ನು ತಿರುಗಿಸಿ, ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ನೋಡುವಂಥದ್ದು ಅದರಲ್ಲಿ ಅಷ್ಟೇನೂ ಇರಲಿಲ್ಲ. ಮೇಷ್ಟ್ರು ಮುಂದೆ ಬಂದು ಭೀಮನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು.

"ನಿನ್ನಿಂದ ದೊಡ್ಡ ಉಪಕಾರ ಆಯ್ತಪ್ಪ. ಕಾರಿಗಲ್ಲ, ನನ್ನ ಮನೆಗೆ."

"ಬುಡಿ ಸಾ, ಕೈಯೆಲ್ಲ ಗ್ರೀಸು."

"ಇರಲಿ."

ಇಬ್ಬರು ಗೆಳೆಯರೂ ಕಾರನ್ನು ಶೆಡ್ಡಿಗೆ ತರುವ ಮಾತಾಡುತ್ತಾ ಜಗಳಕ್ಕೂ ನಗುವಿಗೂ ನಡುವೆ ಎಲ್ಲೋ ಇದ್ದಾಗ, ಮೇಷ್ಟ್ರು ಮಗನ ಮೊಬೈಲಿನಿಂದ ಮನೆಗೆ ಫೋನು ಮಾಡಿದರು. ಭೀಮ ಆ ಮನೆಗೆ ಇಪ್ಪತ್ತು ವರ್ಷದಿಂದ ಬರುತ್ತಿದ್ದ. ಕಾಫಿ ಜಗಲಿಯ ಮೇಲೇ ಕುಡಿದು ಹೋಗುತ್ತಿದ್ದ. ಹೊರಗೆ ಕೂರು ಎಂದು ಯಾರೂ ಹೇಳಿರಲಿಲ್ಲ, ಒಳಗೆ ಬಾ ಎಂದೂ ಯಾರೂ ಹೇಳಿರಲಿಲ್ಲ.

"ಅಂಬುಜಾ, ಮಧ್ಯಾಹ್ನಕ್ಕೆ ಭೀಮನೂ ಊಟಕ್ಕೆ ಬರ್ತಾನೆ. ಒಳಗೇ ಎಲೆ ಹಾಕು. ನನ್ನ ಪಕ್ಕದಲ್ಲಿ."

ಆ ಕಡೆ ಈಳಿಗೆಮಣೆ ಸರಿಸಿದ ಸದ್ದಾಯಿತು.

"ಹುಳಿಗೆ ಬದನೆಕಾಯಿ ಹೆಚ್ಚಿದ್ದೆ" ಎಂದರು ಅಂಬುಜಮ್ಮ. "ಅವನಿಗೆ ಆಗುತ್ತಾ?"

ಮೇಷ್ಟ್ರಿಗೆ ಗೊತ್ತಿರಲಿಲ್ಲ. ಇಪ್ಪತ್ತು ವರ್ಷದಲ್ಲಿ ಕೇಳಿರಲೇ ಇಲ್ಲ. ಫೋನು ಕಿವಿಯಿಂದ ತೆಗೆದು, ಭೀಮನ ಕಡೆ ತಿರುಗಿ ಕೇಳಿದರು.